ಮನೆ ಅಮರಗೋಳ, ಕಚೇರಿ ಎಲ್ಲಿ? ದೂರದುಡಿಮೆ ವೀಸಾದ ಒಳಹೊರಗು

ಹುಬ್ಬಳ್ಳಿ: ಲ್ಯಾಪ್‌ಟಾಪ್ ಇದ್ದಲ್ಲೇ ಕಚೇರಿ ಎಂಬ ಮಾತು ಕೊರೊನಾ ಕಾಲದಲ್ಲಿ ಅವಳಿ ನಗರಕ್ಕೂ ಬಂತು. 2020ರಲ್ಲಿ ಬೆಂಗಳೂರಿನಿಂದ ಊರಿಗೆ ಮರಳಿದ ತಂತ್ರಜ್ಞರು ಎಪಿಎಂಸಿ ಲಾರಿಗಳು ಓಡಾಡುವ ಅಮರಗೋಳದಲ್ಲಿ, ಪಕ್ಕದ ನವನಗರದಲ್ಲಿ ಮನೆಯಿಂದಲೇ ದುಡಿದರು. ಬೆಂಗಳೂರಿನ ಕೆಲಸವನ್ನು ಅಮರಗೋಳದಿಂದ ಮಾಡಬಹುದಾದರೆ ಲಿಸ್ಬನ್‌ನಿಂದ ಏಕೆ ಮಾಡಬಾರದು ಎಂಬ ಪ್ರಶ್ನೆ ಸಹಜವೇ.

ಪ್ರವಾಸಿಗರಿಲ್ಲದೆ ಸೊರಗಿದ ದೇಶಗಳು ಈ ಪ್ರಶ್ನೆಯನ್ನು ಬೇಗನೆ ಗ್ರಹಿಸಿದವು. 2020ರ ಜುಲೈನಲ್ಲಿ ಬಾರ್ಬಡೋಸ್, ಆಗಸ್ಟ್‌ನಲ್ಲಿ ಎಸ್ಟೋನಿಯಾ ಇಂಥ ವೀಸಾ ಆರಂಭಿಸಿದವು. 2022ರಲ್ಲಿ ಪೋರ್ಚುಗಲ್ ಮತ್ತು ಮಲೇಷ್ಯಾ, 2024ರಲ್ಲಿ ಜಪಾನ್, ಥಾಯ್ಲೆಂಡ್ ಅದೇ ಹಾದಿ ಹಿಡಿದವು. ನಮ್ಮಲ್ಲಿ ಬಂದು ವಾಸಿಸಿ, ಖರ್ಚು ಮಾಡಿ, ಆದರೆ ನಮ್ಮವರ ಕೆಲಸ ಕಸಿಯಬೇಡಿ ಎಂಬುದು ಇವೆಲ್ಲದರ ಸಾರ.

ಆದರೆ ಬಾಗಿಲ ಚೌಕಟ್ಟು ಡಾಲರ್ ಸಂಬಳದ ಅಳತೆಯದು. ಪೋರ್ಚುಗಲ್ ತನ್ನ ಕನಿಷ್ಠ ವೇತನದ ನಾಲ್ಕು ಪಟ್ಟು ಆದಾಯ ಕೇಳುತ್ತದೆ. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ 3,480 ಯೂರೋ, ಅಂದರೆ ಸುಮಾರು ಮೂರೂವರೆ ಲಕ್ಷ ರೂಪಾಯಿ. ಥಾಯ್ಲೆಂಡ್‌ಗೆ 5 ಲಕ್ಷ ಬಾತ್ ಉಳಿತಾಯ ತೋರಿಸಬೇಕು. ಅದು ಹದಿಮೂರು ಲಕ್ಷ ರೂಪಾಯಿಗೂ ಮಿಗಿಲು. ಜಪಾನ್ ವರ್ಷಕ್ಕೆ ಒಂದು ಕೋಟಿ ಯೆನ್ ಆದಾಯ ಕೇಳಿದ್ದಲ್ಲದೆ, ವೀಸಾ ವಿನಾಯಿತಿ ಇರುವ ದೇಶಗಳ ಪ್ರಜೆಗಳಿಗಷ್ಟೇ ಅವಕಾಶ ನೀಡಿದ್ದರಿಂದ ಭಾರತೀಯರು ಪಟ್ಟಿಯಿಂದಲೇ ಹೊರಗುಳಿದರು. ರೂಪಾಯಿಯಲ್ಲಿ ಸಂಬಳ ಎಣಿಸುವ ಹುಬ್ಬಳ್ಳಿಯ ಯುವಕನಿಗೆ ಇದು ಬಿಸಿಲ್ಗುದುರೆಯೇ ಸರಿ.

ವೀಸಾ ಸಿಕ್ಕರೂ ಕಂಪನಿಯ ಒಪ್ಪಿಗೆ ಬೇಕು. ನೌಕರ ಪರದೇಶದಲ್ಲಿ ನೆಲೆ ನಿಂತು ದುಡಿದರೆ ಕಂಪನಿಯೇ ಅಲ್ಲಿ ಕಾಯಂ ನೆಲೆ ಹೊಂದಿದೆ ಎಂದು ಆ ದೇಶದ ತೆರಿಗೆ ಇಲಾಖೆ ವಾದಿಸಬಹುದು. ಸಂಸ್ಥೆಗಳು ಹಿಂಜರಿಯುವುದು ಇದಕ್ಕಾಗಿಯೇ ಹೊರತು ನೌಕರನ ಮೇಲಿನ ಅಪನಂಬಿಕೆಯಿಂದಲ್ಲ.

ನಮ್ಮ ಭಾಗದ ಕುಟುಂಬಗಳಿಗೆ ಹೆಚ್ಚು ತಟ್ಟುವುದು ಈ ಪ್ರಶ್ನೆಯ ಇನ್ನೊಂದು ಮಗ್ಗುಲು. ಮಗ ಅಮೆರಿಕದಲ್ಲಿ, ವಯಸ್ಸಾದ ತಾಯಿ ಅಮರಗೋಳದಲ್ಲಿ. ತಾಯಿ ಹಾಸಿಗೆ ಹಿಡಿದಾಗ ಆರು ತಿಂಗಳು ಇಲ್ಲಿದ್ದೇ ಅಲ್ಲಿನ ಕೆಲಸ ಮಾಡಲು ಸಾಧ್ಯವೇ? ಭಾರತೀಯ ಪಾಸ್‌ಪೋರ್ಟ್ ಇದ್ದರೆ ಬರಲು ಅಡ್ಡಿಯಿಲ್ಲ. ಆದರೆ ಆರ್ಥಿಕ ವರ್ಷವೊಂದರಲ್ಲಿ 182 ದಿನ ಇಲ್ಲಿದ್ದರೆ ತೆರಿಗೆ ಕಾನೂನಿನಲ್ಲಿ ಆತ ನಿವಾಸಿಯಾಗುತ್ತಾನೆ. ಮರಳುವ ದಾರಿಯೂ ಖಚಿತವಲ್ಲ. 2025ರ ಡಿಸೆಂಬರ್‌ನಲ್ಲಿ ಅಮೆರಿಕವು ಸಾಮಾಜಿಕ ಜಾಲತಾಣ ಖಾತೆಗಳ ತಪಾಸಣೆಯನ್ನು ಬಿಗಿಗೊಳಿಸಿ ವೀಸಾ ಸಂದರ್ಶನಗಳನ್ನು ಮುಂದೂಡಿದಾಗ, ರಜೆಗೆ ಬಂದಿದ್ದ ಅನೇಕ ಎಚ್-1ಬಿ ನೌಕರರು ಭಾರತದಲ್ಲೇ ಸಿಲುಕಿದರು. ಅಮೆಜಾನ್ ತನ್ನವರಿಗೆ 2026ರ ಮಾರ್ಚ್ 2ರವರೆಗೆ ಇಲ್ಲಿಂದಲೇ ದುಡಿಯಲು ಅನುಮತಿಸಿತು, ಆದರೆ ಕೋಡ್ ಬರೆಯಬಾರದೆಂದು ಷರತ್ತು ಹಾಕಿತು ಎಂದು ವರದಿಯಾಗಿತ್ತು. ಪಂಕ್ತಿಯಲ್ಲಿ ಕೂರಿಸಿ ಕೈ ಕಟ್ಟಿದಂಥ ಔದಾರ್ಯ!

ವಿದೇಶಿ ಪೌರತ್ವ ಪಡೆದ ಮಕ್ಕಳ ಸ್ಥಿತಿ ಬೇರೆ. ಒಸಿಐ ಕಾರ್ಡ್ ಇದ್ದವರು ಇಲ್ಲಿ ಎಷ್ಟು ಕಾಲವಾದರೂ ಇರಬಹುದು; ಪತ್ರಿಕೋದ್ಯಮ, ಸಂಶೋಧನೆಯಂಥ ಕೆಲವಕ್ಕಷ್ಟೇ ವಿಶೇಷ ಅನುಮತಿ ಬೇಕು. ಹಾಗಾಗಿ ತಾಯಿಯ ಬಳಿ ಉಳಿದು ದುಡಿಯುವುದು ಪಾಸ್‌ಪೋರ್ಟ್ ಬದಲಿಸಿದ ಮಗನಿಗೆ ಒಂದು ರೀತಿಯಲ್ಲಿ ಸುಲಭ: ಅವನಿಗೆ ಹಿಂದಿರುಗಲು ಅಮೆರಿಕದ ವೀಸಾ ಬೇಕಿಲ್ಲ. ಬದಲಿಸದ ಮಗ ಮಾತ್ರ ವೀಸಾ ನವೀಕರಿಸಬೇಕಾದಾಗ ಸಂದರ್ಶನದ ದಿನಾಂಕ ನೋಡಿಕೊಂಡೇ ಊರಿನ ಟಿಕೆಟ್ ಕಾಯ್ದಿರಿಸಬೇಕು.