ಕೀಲಿ ಒತ್ತಿದರೆ ಒಂದು, ಬಿಟ್ಟರೆ ಇನ್ನೊಂದು

ಡಿಪ್ಲೊಮಾ ಓದುವಾಗ 8085 ಪ್ರೊಸೆಸರ್‌ನ ಐದು ಹಾರ್ಡ್‌ವೇರ್ ಇಂಟರಪ್ಟ್‌ಗಳು ನನಗೆ ಬಾಯಿಪಾಠ. ಟ್ರ್ಯಾಪ್‌ಗೆ ಮೊದಲ ಆದ್ಯತೆ, ಐಎನ್‌ಟಿಆರ್‌ಗೆ ಕೊನೆಯದು, ಆರ್‌ಎಸ್‌ಟಿ 7.5ರ ವಿಳಾಸ 003ಸಿ. ಹತ್ತಕ್ಕೆ ಹತ್ತು ಅಂಕವೂ ಬಂದಿತ್ತು. ಕಳೆದ ವರ್ಷ ಸಂದರ್ಶನವೊಂದರಲ್ಲಿ ‘ಇಂಟರಪ್ಟ್ ಎಂದರೇನು?’ ಎಂದು ಕೇಳಿದಾಗ ಗಿಳಿಯಂತೆ ಒಪ್ಪಿಸಿದೆ. ‘ಸರಿ, ಹ್ಯಾಂಡ್ಲರ್ ಒಳಗೆ ಯಾಕೆ ನಿದ್ದೆ ಮಾಡಬಾರದು?’ ಎಂಬುದು ಮುಂದಿನ ಪ್ರಶ್ನೆ. ತಮಾಷೆಯೆಂದು ನಕ್ಕುಬಿಟ್ಟೆ. ಕೆಲಸ ಸಿಗಲಿಲ್ಲ.

ಊರಿಗೆ ಮರಳಿ, ಲಿನಕ್ಸ್ ಹಾಕಿದ್ದ ಹಳೆಯ ಲ್ಯಾಪ್‌ಟಾಪ್ ತೆರೆದೆ. ಅದರ ‘ಪ್ರೊಕ್’ ಫೋಲ್ಡರ್‌ನಲ್ಲಿ ‘ಇಂಟರಪ್ಟ್ಸ್’ ಎಂಬ ಫೈಲ್ ಇದೆ. ಯಾವ ಸಾಧನ ಯಾವ ಸಿಪಿಯುವನ್ನು ಎಷ್ಟು ಸಲ ಕರೆದಿದೆ ಎಂಬ ಲೆಕ್ಕ ಅದರಲ್ಲಿ ಸಿಗುತ್ತದೆ. ಕೀಬೋರ್ಡಿನ ಸಾಲನ್ನು ನೋಡುತ್ತಾ ‘ಎ’ ಕೀಲಿ ಒತ್ತಿದೆ, ಎಣಿಕೆ ಒಂದು ಏರಿತು. ಬೆರಳು ತೆಗೆದೆ, ಇನ್ನೊಂದು ಏರಿತು! ಒತ್ತುವುದೂ ಬಿಡುವುದೂ ಬೇರೆ ಬೇರೆ ಇಂಟರಪ್ಟ್ ಎಂದು ಆರು ವರ್ಷ ಓದಿದ ನನಗೆ ಗೊತ್ತೇ ಇರಲಿಲ್ಲ.

ನಿದ್ದೆಯ ಪ್ರಶ್ನೆಗೂ ಉತ್ತರ ಸಿಕ್ಕಿತು. ಹ್ಯಾಂಡ್ಲರ್‌ಗೆ ತನ್ನದೇ ಆದ ಪ್ರೊಸೆಸ್ ಇಲ್ಲ. ಆ ಕ್ಷಣದಲ್ಲಿ ಓಡುತ್ತಿದ್ದ ಯಾವುದೋ ಪ್ರೋಗ್ರಾಂ ಅನ್ನು ಎಬ್ಬಿಸಿ, ಅದರ ಸೀಟಿನಲ್ಲಿ ಅರೆಗಳಿಗೆ ಕೂತಿರುತ್ತದೆ. ಅಲ್ಲೇ ನಿದ್ದೆ ಹೋದರೆ ಸೀಟಿನವನ ಗತಿಯೇನು? ಎಬ್ಬಿಸಲು ಶೆಡ್ಯೂಲರ್‌ನ ಪಟ್ಟಿಯಲ್ಲಿ ಹ್ಯಾಂಡ್ಲರ್‌ನ ಹೆಸರೂ ಇಲ್ಲ. ಅದಕ್ಕೇ ಕರ್ನಲ್ ಕೆಲಸವನ್ನು ಎರಡು ಭಾಗ ಮಾಡುತ್ತದೆ: ಸಾಧನಕ್ಕೆ ‘ಕೇಳಿಸಿತು’ ಎಂದು ಹೇಳಿ ತುರ್ತಿನದನ್ನಷ್ಟೇ ಮುಗಿಸುವ ಟಾಪ್ ಹಾಫ್, ಉಳಿದದ್ದನ್ನು ಆಮೇಲೆ ನೋಡಿಕೊಳ್ಳುವ ಬಾಟಮ್ ಹಾಫ್. ನಿದ್ದೆ ಮಾಡಲೇಬೇಕಾದ ಕೆಲಸವಿದ್ದರೆ ಅದನ್ನು ವರ್ಕ್‌ಕ್ಯೂಗೆ ಅಥವಾ ಪ್ರತ್ಯೇಕ ಥ್ರೆಡ್‌ಗೆ ವಹಿಸಬೇಕು.

ನೆಟ್‌ವರ್ಕ್ ಕಾರ್ಡಿನ ಕತೆ ಇನ್ನೂ ಚೆಂದ. ಪ್ಯಾಕೆಟ್‌ಗಳ ಮಳೆ ಸುರಿಯುವಾಗ ಪ್ರತಿಯೊಂದಕ್ಕೂ ಇಂಟರಪ್ಟ್ ಬಂದರೆ ಸಿಪಿಯು ಬಾಗಿಲು ತೆರೆಯುವುದರಲ್ಲೇ ಸುಸ್ತು. ಲಿನಕ್ಸ್‌ನ ‘ನ್ಯಾಪಿ’ ವ್ಯವಸ್ಥೆಯಲ್ಲಿ ಮೊದಲ ಕರೆಗೆ ಓಗೊಟ್ಟ ಡ್ರೈವರ್, ಕಾರ್ಡಿನ ಇಂಟರಪ್ಟ್ ಅನ್ನು ಬಂದ್ ಮಾಡಿಸುತ್ತದೆ. ಆಮೇಲೆ ಕರ್ನಲ್ ತಾನೇ ಹೋಗಿ ಕಂತುಕಂತಾಗಿ ಪ್ಯಾಕೆಟ್ ಎತ್ತಿಕೊಳ್ಳುತ್ತದೆ. ಖಾಲಿಯಾದ ಮೇಲಷ್ಟೇ ಮತ್ತೆ ಬಾಗಿಲು ತಟ್ಟಲು ಅನುಮತಿ. ಕೆಟ್ಟ ಸಾಧನವೊಂದು ಸುಮ್ಮಸುಮ್ಮನೆ ಕೂಗುತ್ತಿದ್ದರೂ ಮದ್ದಿದೆ. ಒಂದು ಲಕ್ಷ ಕರೆಗಳಲ್ಲಿ 99,900ಕ್ಕಿಂತ ಹೆಚ್ಚು ಕರೆಗಳನ್ನು ಯಾವ ಹ್ಯಾಂಡ್ಲರೂ ತನ್ನದೆನ್ನದಿದ್ದರೆ, ‘ಯಾರೂ ಕ್ಯಾರೇ ಎನ್ನಲಿಲ್ಲ’ ಎಂಬರ್ಥದ ಸಂದೇಶ ಬರೆದು ಕರ್ನಲ್ ಆ ಲೈನನ್ನೇ ಮುಚ್ಚುತ್ತದೆ. (ಉದ್ಯೋಗಕ್ಕೆ ಅರ್ಜಿ ಹಾಕಿ ಕಾಯುತ್ತಿರುವವರಿಗೆ ಈ ಸಂದೇಶ ಅಪರಿಚಿತವಲ್ಲ.)

8085 ಪಾಠ ಬೇಡವೆನ್ನುತ್ತಿಲ್ಲ. ಆದ್ಯತೆ, ಮಾಸ್ಕ್, ವೆಕ್ಟರ್ ಎಂಬ ಮಾತುಗಳು ನನಗೆ ದಕ್ಕಿದ್ದೇ ಅಲ್ಲಿಂದ. ತಕರಾರು ಇರುವುದು ವಿಳಾಸಗಳ ಉರುಹೊಡೆತಕ್ಕೆ ಸಿಗುವ ಅಂಕದ ಬಗ್ಗೆ, ಪ್ಲೇಸ್‌ಮೆಂಟ್ ಹೊತ್ತಿಗೆ ಹಂಚುವ ಐವತ್ತು ಪ್ರಶ್ನೆಗಳ ಪಿಡಿಎಫ್ ಬಗ್ಗೆ. ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳಲ್ಲೂ ಲಿನಕ್ಸ್ ಇತ್ತು. ಆ ಫೈಲ್ ತೆರೆಯಲು ಬೇಕಿದ್ದದ್ದು ಒಂದು ಸಾಲಿನ ಕಮಾಂಡ್, ಖರ್ಚು ಸೊನ್ನೆ. ಆದರೆ ಅದು ರೆಕಾರ್ಡ್ ಪುಸ್ತಕದಲ್ಲಿರಲಿಲ್ಲ, ಹಾಗಾಗಿ ಮೇಷ್ಟ್ರು ತೋರಿಸಲಿಲ್ಲ, ನಾವೂ ಕೇಳಲಿಲ್ಲ.

ಮೊನ್ನೆ ಪಕ್ಕದ ಮನೆಯ ಡಿಪ್ಲೊಮಾ ಹುಡುಗಿಗೆ ಆ ‘ಎ’ ಕೀಲಿಯ ಆಟ ತೋರಿಸಿದೆ. ಕೀಲಿಯನ್ನು ಒತ್ತಿ ಹಿಡಿದೇ ಕೂತಳು. ಎಣಿಕೆ ಓಡತೊಡಗಿತು. ‘ಒಂದೇ ಸಲ ಒತ್ತಿದ್ದೀನಲ್ಲ ಅಣ್ಣಾ, ಇಷ್ಟೊಂದು ಯಾಕೆ?’ ಎಂದಳು. ನಾನು ಆ ಪ್ರಯೋಗ ಮಾಡಿಯೇ ಇರಲಿಲ್ಲ.