ಸವಳು ಭೂಮಿಯ ಲೆಕ್ಕ ಬರೆಯುವವರಾರು?

ನಿಪ್ಪಾಣಿ ತಾಲ್ಲೂಕಿನ ಬೋರಗಾಂವ ದೂಧಗಂಗಾ ನದಿಯ ಸೀಮೆಯ ಊರು. ಜೋಳ, ಶೇಂಗಾ, ತಂಬಾಕುಗಳಿಗೆ ಹೆಸರಾಗಿದ್ದ ಈ ಭಾಗದ ಎರೆ ಭೂಮಿಗೆ ಏತ ನೀರಾವರಿಯು ಕಬ್ಬನ್ನು ತಂದಿತು. ಕಬ್ಬಿನ ಹಿಂದೆ ಹಣ ಬಂದಿತು. ಆ ಸಮೃದ್ಧಿಯನ್ನು ನಗರದಲ್ಲಿ ಕುಳಿತು ಹೀಗಳೆಯುವುದು ನಮಗೆ ಶೋಭಿಸುವುದಿಲ್ಲ. ಆದರೆ ಚಿಕ್ಕೋಡಿಯಿಂದ ಅಥಣಿ, ಕಾಗವಾಡಗಳವರೆಗಿನ ನದಿಪಾತ್ರದಲ್ಲಿ ಬಿಳಿಯ ಉಪ್ಪು ಮೂಡಿ ಬೀಳು ಬಿದ್ದ ಹೊಲಗಳೂ ಅದೇ ಸಮೃದ್ಧಿಯ ಫಲವೆಂಬುದನ್ನು ಅಲ್ಲಗಳೆಯುವಂತಿಲ್ಲ.

ಬ್ರಿಟನ್ನಿನ ಸಸ್ಯವಿಜ್ಞಾನಿ ಆರ್ಥರ್ ಟ್ಯಾನ್ಸ್‌ಲಿ 1935ರಲ್ಲಿ 'ಪರಿಸರ ವ್ಯವಸ್ಥೆ' ಎಂಬ ಪರಿಕಲ್ಪನೆಗೆ ಹೆಸರು ಕೊಟ್ಟಾಗ, ಜೀವಿಗಳ ಜೊತೆಗೆ ಮಣ್ಣು, ನೀರು, ಹವೆಗಳನ್ನೂ ಒಂದೇ ಘಟಕವಾಗಿ ನೋಡಬೇಕೆಂದು ವಾದಿಸಿದ್ದರು. ನಾವಾದರೋ ಆ ಮಾತು ಕೇಳಿದೊಡನೆ ಕಾಡನ್ನೂ ಹುಲಿಯನ್ನೂ ನೆನೆಯುತ್ತೇವೆ. ಕಬ್ಬಿನ ಹೊಲವೂ ಅಂತಹುದೇ ಒಂದು ವ್ಯವಸ್ಥೆ. ಬಿಸಿಲಿನ ಶಕ್ತಿ ಅದರ ಮೂಲಕ ಹಾದುಹೋಗುತ್ತದೆ; ಪೋಷಕಾಂಶಗಳು ಮಣ್ಣಿನ ಸೂಕ್ಷ್ಮಜೀವಿಗಳ ಕೈಯಲ್ಲಿ ಮತ್ತೆ ಮತ್ತೆ ಸುತ್ತುತ್ತವೆ; ನೀರಿಗೆ ಒಳಬರುವ ದಾರಿಯಿರುವಂತೆ ಹೊರಹೋಗುವ ದಾರಿಯೂ ಇರಬೇಕು.

ಎರೆ ಮಣ್ಣಿನ ಜೇಡಿ ನೆನೆದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಜೋಳದ ಕಾಲದಲ್ಲಿ ಬೇಸಿಗೆಯ ಬಿರುಕುಗಳೇ ಭೂಮಿಯ ಉಸಿರಾಟದ ದಾರಿಗಳಾಗಿದ್ದವು. ವರ್ಷವಿಡೀ ನಿಲ್ಲುವ ಕಬ್ಬಿಗೆ ಹರಿಯಬಿಟ್ಟ ನೀರು ಈ ಜೇಡಿಯಲ್ಲಿ ಬೇಗ ಇಂಗುವುದಿಲ್ಲ. ಅಂತರ್ಜಲ ಮಟ್ಟ ಮೇಲೇರುತ್ತದೆ. ಅದು ಬೇರಿನ ಸಮೀಪಕ್ಕೆ ಬಂದಾಗ, ದೀಪದ ಬತ್ತಿಗೆ ಎಣ್ಣೆ ಏರುವಂತೆ ನೀರು ಉಪ್ಪನ್ನು ಹೊತ್ತು ಮೇಲಕ್ಕೆ ಬರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಗಾಳಿಯಿಲ್ಲದ ಮಣ್ಣಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ನೈಟ್ರೇಟಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತವೆ. ರೈತನು ಹಣ ಕೊಟ್ಟು ಹಾಕಿದ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಪೈರು ಹಳದಿಯಾಯಿತೆಂದು ಅವನು ಇನ್ನೊಂದು ಚೀಲ ಯೂರಿಯಾ ತರುತ್ತಾನೆ. ಮಣ್ಣಿಗೆ ಮರಳಬೇಕಾದ ರವದಿಯನ್ನು ಸುಟ್ಟರಂತೂ ಸೂಕ್ಷ್ಮಜೀವಿಗಳ ಆಹಾರಕ್ಕೂ ಕುತ್ತು.

ಇದಕ್ಕೆ ರೈತನ ಅಜ್ಞಾನವೇ ಕಾರಣವೆನ್ನುವುದು ಅನ್ಯಾಯ. ಕಬ್ಬಿಗೆ ಕೇಂದ್ರ ಸರ್ಕಾರ ಪ್ರತಿವರ್ಷ ನ್ಯಾಯಸಮ್ಮತ ಮತ್ತು ಲಾಭದಾಯಕ ಬೆಲೆ ನಿಗದಿಪಡಿಸುತ್ತದೆ. ಕೊಳ್ಳಲು ಕಾರ್ಖಾನೆಗಳು ಹತ್ತಿರದಲ್ಲೇ ಇವೆ. 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್‌ಗಳಿಗೆ ರಾಜ್ಯದಲ್ಲಿ ವಿದ್ಯುತ್ ಉಚಿತ. ಯೂರಿಯಾಕ್ಕೆ ಸಬ್ಸಿಡಿಯಿದೆ. ನಾಳೆಯ ಸವಳಿನ ವೆಚ್ಚವೊಂದು ಮಾತ್ರ ಯಾವ ಬಿಲ್ಲಿನಲ್ಲಿಯೂ ಕಾಣಿಸುವುದಿಲ್ಲ. ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ: ನೀರೆತ್ತಲು ಒಬ್ಬನಿಗೆ ಒಂದು ಪಂಪು ಸಾಕು, ಬಸಿಯಲು ಕೆಳಗಿನ ಹೊಲದವನ ಒಪ್ಪಿಗೆ ಬೇಕು, ಒತ್ತುವರಿಯಾಗದ ಹಳ್ಳ ಬೇಕು. ಒಳಬರುವ ನೀರು ಖಾಸಗಿ, ಹೊರಹೋಗುವ ನೀರು ಸಾರ್ವಜನಿಕ! 2019 ಮತ್ತು 2021ರ ಪ್ರವಾಹಗಳು ಈ ಬಸಿಯದ ನೆಲದ ಮೇಲೆಯೇ ಬಂದವು.

ಹೊಸ ಸಮಿತಿಗಳ ವರದಿಗಾಗಿ ಕಾಯಬೇಕಾಗಿಲ್ಲ. ಬೆಳಗಾವಿಯು ಮುಂಬೈ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1910ರಲ್ಲಿಯೇ, ಆ ಪ್ರಾಂತದ ಕೃಷಿ ಇಲಾಖೆ ನೀರಾ ಕಣಿವೆಯ ಸವಳು ಭೂಮಿಗಳ ಕುರಿತು ಹೆರಾಲ್ಡ್ ಮ್ಯಾನ್ ಮತ್ತು ತಮ್ಹಾಣೆಯವರ ಅಧ್ಯಯನವನ್ನು ಪ್ರಕಟಿಸಿತ್ತು. ಕಾಲುವೆ ತೋಡುವ ಉತ್ಸಾಹ ಬಸಿಗಾಲುವೆಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ರಂಧ್ರಗಳಿರುವ ಕೊಳವೆಗಳನ್ನು ನೆಲದಡಿ ಹೂಳಿ ಉಪ್ಪುನೀರನ್ನು ಹೊರಗೆ ಹರಿಸುವ ವಿಧಾನವೂ ಈ ಭಾಗಕ್ಕೆ ಹೊಸದಲ್ಲ; ಉಗಾರ ಬುದ್ರುಕದಲ್ಲಿ ಅದನ್ನು ಅಳವಡಿಸಲಾಗಿದೆ.

ಏತ ನೀರಾವರಿ ಯೋಜನೆಗೆ ಮಂಜೂರಾತಿ ನೀಡುವಾಗಲೇ ಬಸಿ ವ್ಯವಸ್ಥೆಯ ವೆಚ್ಚವನ್ನೂ ಅಂದಾಜುಪಟ್ಟಿಗೆ ಸೇರಿಸಬೇಕು. ಕಬ್ಬು ನುರಿಸುವ ಕಾರ್ಖಾನೆಗಳೂ ಅದರಲ್ಲಿ ಪಾಲು ಕೊಡಬೇಕು. ಭೂಮಿ ಸತ್ತರೆ ಅವುಗಳಿಗೂ ಕಬ್ಬಿಲ್ಲ. ಹಳ್ಳಗಳ ಒತ್ತುವರಿ ತೆರವು ಕಂದಾಯ ಇಲಾಖೆಯ ಕೆಲಸ, ಅದಕ್ಕೆ ಹೊಸ ಕಾನೂನು ಬೇಡ. ಆದರೆ ಬಸಿದ ಉಪ್ಪು ಎಲ್ಲಿಗೆ ಹೋಗಬೇಕು? ಹಳ್ಳದಿಂದ ಅದು ದೂಧಗಂಗೆಗೆ, ಅಲ್ಲಿಂದ ಕೃಷ್ಣೆಗೆ ಸೇರುತ್ತದೆ. ಬೇಸಿಗೆಯಲ್ಲಿ ನದಿ ಸೊರಗಿದಾಗ ಅದನ್ನು ಹರಿಯಬಿಟ್ಟರೆ ಕೆಳಗಿನ ಊರುಗಳ ಕುಡಿಯುವ ನೀರಿಗೇ ತೊಂದರೆ. ಬಸಿನೀರನ್ನು ಯಾವ ತಿಂಗಳಲ್ಲಿ, ಎಷ್ಟು ಬಿಡಬೇಕೆಂಬುದನ್ನು ಎರಡೂ ರಾಜ್ಯಗಳ ನೀರಾವರಿ ಇಲಾಖೆಗಳು ಕುಳಿತು ನಿರ್ಧರಿಸಬೇಕಾಗುತ್ತದೆ.