ಬಗನಿ ಮರದ ಕೆಳಗೆ ಟಕಿಲಾ

ಕಳೆದ ಮಳೆಗಾಲದಲ್ಲಿ ಹಾನುಬಾಳಿನ ಹತ್ತಿರದ ಹೋಂಸ್ಟೇ ಒಂದರ ಜಗಲಿಯಲ್ಲಿ ಕೂತು ನಾನು ಮೊದಲ ಸಲ ಟಕಿಲಾವನ್ನು ಸರಿಯಾಗಿ ಕುಡಿದೆ. ಸರಿಯಾಗಿ ಅಂದರೆ ಉಪ್ಪು ನೆಕ್ಕಿ, ಗಂಟಲಿಗೆ ಸುರಿದುಕೊಂಡು, ನಿಂಬೆಹೋಳು ಕಚ್ಚಿ ಮುಖ ಕಿವುಚುವ ಹಾಗಲ್ಲ. ಬೆಂಗಳೂರಿನಿಂದ ಬಂದಿದ್ದ ಗೆಳೆಯನ ಗೆಳೆಯರೊಬ್ಬರು ಬಾಟಲಿಯನ್ನು ಎಳೆಗೂಸಿನಂತೆ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಚಿಕ್ಕ ಗ್ಲಾಸಿಗೆ ಒಂದಿಷ್ಟು ಬಗ್ಗಿಸಿ, "ಮೊದಲು ಮೂಸಿ. ಆಮೇಲೆ ತುಟಿ ಒದ್ದೆ ಮಾಡಿಕೊಳ್ಳಿ. ನುಂಗಲು ಅವಸರ ಬೇಡ" ಎಂದರು. ಸುಳ್ಳು ಹೇಳಲಾರೆ, ಚೆನ್ನಾಗಿತ್ತು. ಕೆಂಡದಲ್ಲಿ ಸುಟ್ಟ ಗೆಣಸಿನ ಪರಿಮಳ, ಅದರ ಬೆನ್ನಿಗೇ ಕಾಳುಮೆಣಸಿನ ಚುರುಕು. ಒಂದು ಗುಟುಕು ಹತ್ತು ನಿಮಿಷ ಬಾಯಲ್ಲಿ ಮಾತಾಡಿತು.

ಬಾಟಲಿಯ ಪುರಾಣವನ್ನೂ ಅವರೇ ಹೇಳಿದರು. ಮೆಕ್ಸಿಕೋದ ಹಲಿಸ್ಕೋ ಸೀಮೆಯಲ್ಲಿ ನೀಲಿ ಅಗೇವ್ ಬೆಳೆಯುತ್ತದೆ. ನಮ್ಮ ಅರಸೀಕೆರೆ ಕಡೆ ಬೇಲಿಗೆ ಹಾಕುವ ಕತ್ತಾಳೆಯ ದಾಯಾದಿ ಅದು. ಅದನ್ನು ಆರೇಳು ವರ್ಷ ಕಾಯಬೇಕು. ಹೂವಿನ ಕಂಬ ಮೇಲೇಳಲು ಬಿಟ್ಟರೆ ಕೂಡಿಟ್ಟ ಸಕ್ಕರೆಯೆಲ್ಲ ಹೂವಿಗೆ ಹೋಗಿ ಗಿಡ ಸಾಯುತ್ತದೆ; ಅದಕ್ಕೇ ಮೊದಲೇ ಕಡಿದು, ಎಲೆ ಸವರಿ, ಅನಾನಸಿನಂತೆ ಕಾಣುವ ದಿಂಡನ್ನು ಇಟ್ಟಿಗೆಯ ಗೂಡಿನಲ್ಲಿ ಬೇಯಿಸಿ, ರಸ ಹಿಂಡಿ, ಹುಳಿಸಿ, ಭಟ್ಟಿ ಇಳಿಸುತ್ತಾರೆ. 1974ರಿಂದ ಟಕಿಲಾ ಎಂಬ ಹೆಸರಿಗೆ ಮೆಕ್ಸಿಕೋದಲ್ಲಿ ಕಾನೂನಿನ ಕಾವಲಿದೆ. 2006ರಲ್ಲಿ ಯುನೆಸ್ಕೋ ಆ ಕತ್ತಾಳೆ ಹೊಲಗಳನ್ನೇ ವಿಶ್ವ ಪರಂಪರೆಯ ತಾಣ ಮಾಡಿತು. ಪ್ರತಿ ಬಾಟಲಿಯ ಮೇಲೆ ಯಾವ ಭಟ್ಟಿಯದು ಎಂದು ತಿಳಿಸುವ ಸಂಖ್ಯೆ ಇರುತ್ತದೆ.

ನಾನು ತಲೆದೂಗುತ್ತ ಕೇಳಿದೆ. ಆದರೆ ಕಣ್ಣು ಅಂಗಳದ ಅಂಚಿನ ಮರದ ಮೇಲಿತ್ತು. ಅದು ಬಗನಿ. ಕೆಲವರು ಬೈನೆ ಅನ್ನುತ್ತಾರೆ. ಬಿಚ್ಚಿದ ಜಡೆಯಂತೆ ಅದರ ಹೂಗೊಂಚಲು ಮಳೆಯಲ್ಲಿ ತೊಟ್ಟಿಕ್ಕುತ್ತಿತ್ತು. ಅದೂ ಹತ್ತು ಹದಿನೈದು ವರ್ಷ ಸುಮ್ಮನೆ ಬೆಳೆದು, ಕಾಂಡದಲ್ಲಿ ಕೂಡಿಟ್ಟದ್ದನ್ನೆಲ್ಲ ಕೊನೆಗಾಲದಲ್ಲಿ ಹೂವಿಗೆ ಸುರಿದು, ತುದಿಯಿಂದ ಬುಡದವರೆಗೆ ಒಂದೊಂದೇ ಗೊಂಚಲು ಬಿಟ್ಟು ಸಾಯುವ ಮರ. ಮೆಕ್ಸಿಕೋದವರು ಕತ್ತಾಳೆಯಿಂದ ಕದಿಯುವುದನ್ನೇ ನಮ್ಮ ಹಿರಿಯರು ಬಗನಿಯಿಂದ ಕದ್ದರು. ಅವರ ಕಳವಿಗೆ ಪರಂಪರೆ ಎಂಬ ಹೆಸರು ಬಂತು. ನಮ್ಮದು ಅಬಕಾರಿ ಕೇಸು.

ಆಲೂರು ತಾಲ್ಲೂಕಿನ ಕೆಂಚಮ್ಮನ ಹೊಸಕೋಟೆಯ ಕಡೆ ನಮ್ಮೂರಿನಲ್ಲಿ ಬಗನಿ ಇಳಿಸುವ ಒಬ್ಬ ಅಜ್ಜ ಇದ್ದ. ಬಿದಿರಿನ ಏಣಿ ಕಟ್ಟಿಕೊಂಡು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹತ್ತುತ್ತಿದ್ದ. ಗೊಂಚಲನ್ನು ಕಟ್ಟಿ, ಮೆತ್ತಗೆ ಬಡಿದು, ತುದಿಯನ್ನು ಕೂದಲೆಳೆಯಷ್ಟು ಸವರಿ ಮಡಕೆ ಕಟ್ಟುವುದು. ಎಷ್ಟು ಸವರಬೇಕೆಂಬುದು ಅವನ ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ, ಕೇಳಿದರೆ ನಗುತ್ತಿದ್ದ. ಬೆಳಗಿನದು ಸಿಹಿ, ಮಕ್ಕಳಾದ ನಮಗೂ ಒಂದು ಕರಟ ಸಿಗುತ್ತಿತ್ತು. ಮಧ್ಯಾಹ್ನಕ್ಕೆ ಹುಳಿ ಹತ್ತುತ್ತಿತ್ತು. ಸಂಜೆಯದು ದೊಡ್ಡವರಿಗೆ. ಹಳ್ಳದ ಪಕ್ಕದ ಮರದ್ದು ತೆಳು, ದಿಬ್ಬದ ಮೇಲಿನದಕ್ಕೆ ಕಸುವು ಎಂದು ಅವನು ಮಡಕೆ ಮೂಸಿಯೇ ಹೇಳುತ್ತಿದ್ದ. ಹೋಂಸ್ಟೇ ಜಗಲಿಯಲ್ಲಿ ಇದನ್ನೇ ಟೆರುವಾ ಅನ್ನುತ್ತಾರೆ. ಅಜ್ಜನಿಗೆ ಆ ಪದ ಬರುತ್ತಿರಲಿಲ್ಲ, ಅಷ್ಟೇ.

ಈಗ ನನ್ನ ಜಗಳ ಶುರು. ಸವಿದು ಕುಡಿಯುವುದು ದುಡ್ಡಿದ್ದವರ ಸಂಸ್ಕಾರ, ಬಡವ ಕುಡಿಯುವುದು ಬರೀ ಅಮಲಿಗೆ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ನಂಬಿಬಿಟ್ಟಿದ್ದೇವೆ! ಬಡವನಿಗೆ ನಾಲಗೆ ಇರಲಿಲ್ಲವೆಂದಲ್ಲ. ನಾಲಗೆಗೆ ಸಿಗುತ್ತಿದ್ದುದನ್ನು ಕಿತ್ತುಕೊಂಡು, ನಾಲಗೆಯೇ ಬೇಡದ ಸರಕನ್ನು ಅವನ ಕೈಗಿಟ್ಟಿದ್ದೇವೆ. ದಕ್ಷಿಣ ಕನ್ನಡ, ಉಡುಪಿ ಬಿಟ್ಟರೆ ರಾಜ್ಯದಲ್ಲಿ ಬೇರೆಲ್ಲೂ ಸೇಂದಿ ಇಳಿಸಿ ಮಾರಲು ಪರವಾನಗಿ ಇಲ್ಲ. ಅಂದರೆ ಶಿರಾಡಿ ಘಾಟಿಯ ಕೆಳಗೆ ಕಸುಬು, ಮೇಲೆ ಅಪರಾಧ. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಆ ಪ್ಲಾಸ್ಟಿಕ್ ಪ್ಯಾಕೆಟ್ಟಿಗಾಗಿ ನಾನು ಕಣ್ಣೀರು ಹಾಕುವುದಿಲ್ಲ. ಅದನ್ನು ನಿಲ್ಲಿಸಿ ಎಂದು ಬೀದಿಗಿಳಿದ ಹೆಂಗಸರ ಪರವೇ ನಾನು. ಆದರೆ ಆ ಜಾಗಕ್ಕೆ ಬಂದದ್ದೇನು? ಕಾಕಂಬಿಯಿಂದ ತೆಗೆದ, ಬಣ್ಣ ಮತ್ತು ಎಸೆನ್ಸು ಸೇರಿಸಿದ, 90 ಮಿಲಿಯ ಟೆಟ್ರಾ ಪ್ಯಾಕಿನ ವಿಸ್ಕಿ. ಅದರಲ್ಲಿ ಊರಿಲ್ಲ, ಮರವಿಲ್ಲ, ಋತುವಿಲ್ಲ. ಬೊಕ್ಕಸಕ್ಕೆ ಮಾತ್ರ ಅಬಕಾರಿಯಿಂದ ವರ್ಷಕ್ಕೆ 30,000 ಕೋಟಿ ರೂಪಾಯಿಗೂ ಮೀರಿ ಬರುತ್ತಿದೆ.

ನನ್ನ ಚಿಕ್ಕಪ್ಪ ಸತ್ತದ್ದು ಆ ಪ್ಯಾಕಿನಿಂದ. ತೋಟದ ಕೆಲಸ ಮುಗಿಸಿ ಬಂದು ಹಿತ್ತಲಲ್ಲಿ ನಿಂತು, ಎಡಗೈಯಲ್ಲಿ ಮೂಗು ಹಿಡಿದುಕೊಂಡು ಒಂದೇ ಏಟಿಗೆ ಮುಗಿಸುತ್ತಿದ್ದ. ಮೂಗು ಹಿಡಿದುಕೊಂಡು! ಬಗನಿ ಮಡಕೆಗೆ ಮುಖ ಒಡ್ಡಿ ಇದು ಇಂಥ ಮರದ್ದು ಎಂದು ಬಾಜಿ ಕಟ್ಟುತ್ತಿದ್ದ ಮನುಷ್ಯ ಅವನು. ಬಗನಿ ಕುಡಿದಿದ್ದರೆ ಬದುಕುತ್ತಿದ್ದ ಎಂದು ನಾನು ಹೇಳುತ್ತಿಲ್ಲ. ಹೆಂಡ ಕುಡಿದು ಹೆಂಡತಿಗೆ ಹೊಡೆದವರನ್ನೂ ನಮ್ಮೂರು ಕಂಡಿದೆ. ಆದರೆ ಮೂಗು ಹಿಡಿದು ಕುಡಿಯುವವನಿಗೆ ಎಲ್ಲಿ ನಿಲ್ಲಿಸಬೇಕೆಂದು ಯಾವುದು ಹೇಳಬೇಕು?

ಸೇಂದಿ ಬಿಟ್ಟರೆ ಕಲಬೆರಕೆ ಬರುತ್ತದೆ ಎನ್ನುವವರಿದ್ದಾರೆ. ನಿಜ, ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಳ್ಳಸೇಂದಿ ಜನರ ಜೀವ ತಿಂದಿದೆ. ಆದರೆ ಆ ವಿಷ ಹುಟ್ಟುವುದು ಕುಡಿಯುವವನಿಗೆ ಮರವೂ ಇಳಿಸುವವನೂ ಗೊತ್ತಿಲ್ಲದ ಕಡೆ, ಮರಗಳು ಕೊಡುವುದಕ್ಕಿಂತ ಹೆಚ್ಚು ಮಾರಲು ಹೊರಟ ಕಡೆ. ಸ್ಮಾಲ್ ಬ್ಯಾಚ್ ಎಂಬ ಮಾತಿಗೆ ಅರ್ಥವಿದ್ದರೆ ಇದೇ ಅರ್ಥ. ಟಕಿಲಾ ಕಾನೂನಿನಲ್ಲಿ ಆ ಪದಕ್ಕೆ ವ್ಯಾಖ್ಯಾನವೇ ಇಲ್ಲ; ಯಾರು ಬೇಕಾದರೂ ಅಂಟಿಸಿಕೊಳ್ಳಬಹುದು. ಸ್ಮಾಲ್ ಬ್ಯಾಚ್ ಎಂದೇ ಹೇಳಿಕೊಳ್ಳುತ್ತಿದ್ದ, ನಟ ಜಾರ್ಜ್ ಕ್ಲೂನಿ ಮತ್ತು ಗೆಳೆಯರ ಕಾಸಾಮಿಗೋಸ್ 2017ರಲ್ಲಿ 100 ಕೋಟಿ ಡಾಲರ್‌ವರೆಗಿನ ಬೆಲೆಗೆ ಡಿಯಾಜಿಯೋ ಪಾಲಾಯಿತು. ದಿನಕ್ಕೆ ನಾಲ್ಕೈದು ಮರ ಹತ್ತುವ ನಮ್ಮ ಅಜ್ಜನದು ಯಾವ ಬ್ಯಾಚ್ ಅನ್ನೋಣ?

ಈ ಗುಡ್ಡಗಳಿಗೆ ಇದು ಹೊಸ ಪಾಠವೂ ಅಲ್ಲ. ತೊಂಬತ್ತರ ದಶಕದಲ್ಲಿ ಕೊನೆಗೊಳ್ಳುವವರೆಗೂ ನಮ್ಮ ಕಾಫಿ ಕಾಫಿ ಬೋರ್ಡಿನ ಪೂಲಿಗೆ ಹೋಗಿ ಎಲ್ಲರ ಕಾಫಿಯೊಳಗೆ ಒಂದಾಗುತ್ತಿತ್ತು. ಆಗ ಯಾರ ಬಾಯಲ್ಲೂ ಸಿಂಗಲ್ ಎಸ್ಟೇಟ್ ಎಂಬ ಮಾತಿರಲಿಲ್ಲ. ಸ್ವಂತ ಹೆಸರಿನಲ್ಲಿ ಮಾರಬಹುದು ಎಂದಾದ ಮೇಲೆ ನೋಡಿ, ಅದೇ ಗಿಡದ ಕಾಫಿಗೆ ಕಿತ್ತಳೆ, ಚಾಕೊಲೇಟು ಎಲ್ಲ ರುಚಿಯೂ ಬಂತು! ಪ್ಲಾಂಟರಿಗೆ ಸಿಕ್ಕ ಈ ಅವಕಾಶ ಬಗನಿ ಹತ್ತುವವನಿಗೆ ಯಾಕಿಲ್ಲ? ತಾಲ್ಲೂಕಿಗೆ ಒಂದಿಷ್ಟು ಜನರಿಗೆ ಪರವಾನಗಿ ಕೊಡಿ. ಇಂತಿಷ್ಟೇ ಮರ, ಅಂದಿನದು ಅಂದೇ ಮಾರಾಟ, ಮಡಕೆಯ ಮೇಲೆ ಇಳಿಸಿದವನ ಹೆಸರು. ಶ್ರೀಲಂಕಾದವರು ಇದೇ ಮರದ ರಸ ಕಾಯಿಸಿ ಕಿತುಲ್ ಪಾಕ ಎಂದು ಹೆಮ್ಮೆಯಿಂದ ಮಾರುತ್ತಿದ್ದಾರೆ. ನಮ್ಮಲ್ಲಿ ಬಗನಿಯ ರುಚಿ ಉಳಿದಿರುವುದು ಆನೆಗಳಿಗೆ ಮಾತ್ರ. ಅವು ಮರ ಉರುಳಿಸಿ ತಿರುಳು ತಿನ್ನುತ್ತವೆ.

ಆ ಸಂಜೆ ಬಾಟಲಿ ಅರ್ಧಕ್ಕಿಳಿದಾಗ ಬೆಂಗಳೂರಿನವರು ಕೇಳಿದರು, "ನಿಮ್ಮ ಕಡೆಯದೇ ಅನ್ನುವಂಥದ್ದು ಏನೂ ಇಲ್ಲವೇ?" ನಾನು ಮರ ತೋರಿಸಿದೆ. ಎದ್ದು ಹೋಗಿ ಮಳೆಯಲ್ಲೇ ಗೊಂಚಲಿನ ಫೋಟೋ ತೆಗೆದುಕೊಂಡು ಬಂದರು. ಎಲ್ಲಿ ಸಿಗುತ್ತದೆ ಎಂದರು. ಘಾಟಿ ಇಳಿದರೆ ಸೇಂದಿ ಸಿಗುತ್ತದೆ, ಹೆಚ್ಚಾಗಿ ತೆಂಗಿನದು ಎಂದೆ. ಹೋಂಸ್ಟೇ ಯಜಮಾನರು ನಡುವೆ ಬಾಯಿ ಹಾಕಿ, ಆ ಮರ ಮುಂದಿನ ತಿಂಗಳು ಕಡಿಸುತ್ತೇನೆ, ಹಣ್ಣು ಉದುರಿ ಮೈ ತುರಿಸುತ್ತದೆ ಎಂದು ಗೆಸ್ಟುಗಳು ದೂರುತ್ತಾರೆ ಎಂದರು.